ಅಳಿಯನೊಬ್ಬ ಕೂತ, ಮೋಟಾರೆಲ್ಲ ನೂಕಿತು

ಒಬ್ಬ ಮನುಷ್ಯನನ್ನು ಮೋಟಾರಿನಲ್ಲಿ ಕೂರಿಸಿ, ಉಳಿದವರೆಲ್ಲ ಕೆಳಗಿಳಿದು, ಅವನನ್ನು ಮೋಟಾರಿನ ಸಮೇತ ಗುಡ್ಡ ಹತ್ತಿಸಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ಮೊನ್ನೆ ಮಂಗಳವಾರ ನೋಡಿದೆ. ಆ ಮನುಷ್ಯ ಕುಂಟನಲ್ಲ, ಮುದುಕನಲ್ಲ, ತಹಶೀಲ್ದಾರನೂ ಅಲ್ಲ.

ಅಳಿಯ.

(ಹೋದ ವಾರ ನಮ್ಮ ಗಣಿತದ ಮಾಸ್ತರರ ಛತ್ರಿಯ ಬಗ್ಗೆ ಬರೆದಿದ್ದೆ. ಮಾಸ್ತರರು ಓದಿದರು. ನನ್ನ ಬಲಗೈ ಇನ್ನೂ ಊದಿದೆ. ಈ ವಾರ ಅಕ್ಷರ ಸೊಟ್ಟಗಿದ್ದರೆ, ವಾಚನಾಲಯದ ಗೋಡೆಗೆ ಅಂಟಿಸಿದ ಈ ಕೈಬರಹದ ಹಾಳೆಯನ್ನು ನಿಂತು ಓದುವವರು ದಯವಿಟ್ಟು ಕತ್ತನ್ನೂ ಅಷ್ಟೇ ಸೊಟ್ಟ ಮಾಡಿಕೊಳ್ಳಬೇಕು.)

ಮುಂಬೈಯಲ್ಲಿ ಜನ ದಿನಾ ಬೆಳಿಗ್ಗೆ ರೈಲಿನ ಬಾಗಿಲಿಗೆ ಬಾವಲಿಗಳ ಹಾಗೆ ಜೋತುಬಿದ್ದು ಕೆಲಸಕ್ಕೆ ಹೋಗುತ್ತಾರಂತೆ. ಅಲ್ಲಿಂದ ಬಂದ ನಮ್ಮ ಕಾಕಾ ಇದನ್ನೊಂದು ದೊಡ್ಡ ಪರಾಕ್ರಮ ಅನ್ನುವ ಹಾಗೆ ಹೇಳುತ್ತಾನೆ. ಕಾಕಾನಿಗೆ ನಾನು ಹೇಳುವುದಿಷ್ಟೇ. ನಮ್ಮ ಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಸರ್ವಿಸ್ ಮೋಟಾರನ್ನು ಒಮ್ಮೆ ಹತ್ತಿ ನೋಡು. ನಿಮ್ಮ ರೈಲು ನಿಮ್ಮನ್ನು ಒಯ್ಯುತ್ತದೆ. ನಮ್ಮ ಮೋಟಾರನ್ನು ನಾವು ಒಯ್ಯಬೇಕು.

ಯಾಕೆ ಅಂತ ಊರಿಗೆಲ್ಲ ಗೊತ್ತು. ಲಡಾಯಿ ಶುರುವಾಯಿತು, ಪೆಟ್ರೋಲೆಲ್ಲ ಸಿಪಾಯಿಗಳ ಪಾಲಾಯಿತು. ನಮ್ಮ ಪಾಲಿಗೆ ಬಂದದ್ದು ಇದ್ದಿಲು. ಈಗ ಮೋಟಾರಿನ ಬೆನ್ನಿಗೆ ಬಚ್ಚಲ ಹಂಡೆಯ ಅಣ್ಣನಂಥ ಒಂದು ಕಬ್ಬಿಣದ ಡ್ರಮ್ಮು ಕಟ್ಟಿದ್ದಾರೆ. ಅದರಲ್ಲಿ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಹಿಡಿಕೆ ತಿರುಗಿಸಿ ಗಾಳಿ ಹಾಕಬೇಕು. ಅದರ ಹೊಗೆ ಕುಡಿದು ಎಂಜಿನ್ನು ಓಡಬೇಕು. ಸಪಾಟು ದಾರಿಯಲ್ಲಿ ಓಡುತ್ತದೆ ಕೂಡ. ಏರು ಬಂತೋ, ದಮ್ಮು ಹತ್ತಿದ ಮುದುಕನಂತೆ ಕೆಮ್ಮಿ ಕೂತುಬಿಡುತ್ತದೆ. ಆಗ ಪ್ಯಾಸೆಂಜರುಗಳು ಇಳಿದು ನೂಕಬೇಕು. ಟಿಕೇಟು ತೆಗೆದವರೇ ನೂಕಬೇಕು. ಎತ್ತಿನ ಗಾಡಿಯಲ್ಲಾದರೆ ಎತ್ತಿಗೆ ಮೇವು ಸಿಗುತ್ತಿತ್ತು.

ಸರಿ, ಮಂಗಳವಾರ. ಅವ್ವ ನನ್ನ ಕೈಗೆ ಉಪ್ಪಿನಕಾಯಿಯ ಭರಣಿ ಕೊಟ್ಟು, ಹುಮನಾಬಾದಿನ ಸೋದರತ್ತೆಗೆ ಮುಟ್ಟಿಸಿ ಬಾ ಅಂದಳು. ನಾನು ಹತ್ತುವ ಹೊತ್ತಿಗೆ ಮೋಟಾರಿನೊಳಗೆ ಇಡೀ ಕಲ್ಯಾಣವೇ ಹೊಕ್ಕಿತ್ತು. ನನ್ನ ಎಡಗಾಲಿನ ಮೇಲೆ ಯಾರೋ ಜೋಳದ ಚೀಲ ಇಟ್ಟಿದ್ದರು. ಬಲಗಾಲು ಎಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ಎದುರಿಗೆ ದುಬಲಗುಂಡಿಯ ಭಾಗವ್ವ ಆಯಿ. ಬಾಯಲ್ಲಿ ಹಲ್ಲಿಲ್ಲ, ಆದರೂ ಆ ಬಾಯಿಗೆ ಡ್ರೈವರನೂ ಹೆದರುತ್ತಾನೆ. ಅವಳ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕೋಳಿ. ಪಕ್ಕದಲ್ಲಿ ನಮ್ಮ ಪೇಟೆಯ ದರ್ಜಿ ಮೌಲಾಸಾಬ. ಅವನಿಗೆ ಒಂದು ಚಟ. ಮೋಟಾರಿನಲ್ಲಿ ಯಾರನ್ನೇ ಕಂಡರೂ ಕಣ್ಣಲ್ಲೇ ಅಳತೆ ತೆಗೆಯುತ್ತಾನೆ. ನನ್ನನ್ನು ನೋಡಿ, ಇದಕ್ಕೆ ಬಟ್ಟೆ ಉಳಿಯುತ್ತದೆ ಅನ್ನುವ ಹಾಗೆ ನಿಟ್ಟುಸಿರು ಬಿಟ್ಟ.

ಅಷ್ಟರಲ್ಲಿ ಹತ್ತಿದರು ನೋಡಿ, ಮಾವ ಮತ್ತು ಅಳಿಯ.

ಮಾವ ಶಿವಲಿಂಗಪ್ಪ, ಹುಮನಾಬಾದಿನ ಕಾಳುಕಡಿ ವ್ಯಾಪಾರಿ. ಸಣಕಲು ದೇಹ, ದೊಡ್ಡ ರುಮಾಲು. ದೂರದಿಂದ ನೋಡಿದರೆ ರುಮಾಲೇ ನಡೆದುಕೊಂಡು ಬಂದಂತೆ ಕಾಣುತ್ತದೆ. ಹಿಂದೆ ಅಳಿಯ ಚನ್ನಪ್ಪ, ನಮ್ಮ ಕಲ್ಯಾಣದವನೇ. ಬೆಣ್ಣೆಯಂಥ ಮೈ, ರೇಷ್ಮೆಯ ಕೋಟು, ಜೋಳದ ಹಿಟ್ಟಿನ ಮೂಟೆಗೆ ಗುಂಡಿ ಹಾಕಿದಂತೆ. ಮುಖದಲ್ಲಿ ಮುನಿಸು.

ಆ ಮುನಿಸಿಗೊಂದು ಇತಿಹಾಸವಿದೆ. ಮೂರು ತಿಂಗಳ ಹಿಂದೆ, ಹೆಂಡತಿ ನೀಲಮ್ಮ ತವರಿನಲ್ಲಿ ಹಡೆದಳು ಅಂತ ಕೂಸನ್ನು ನೋಡಲು ಚನ್ನಪ್ಪ ಹುಮನಾಬಾದಿಗೆ ಹೋದ. ಪಂಕ್ತಿಯಲ್ಲಿ ಹೋಳಿಗೆ ಬಡಿಸಿದರು. ತುಪ್ಪ ಬಂತು. ತುಪ್ಪದ ಗಿಂಡಿ ಮೊದಲು ಯಾರ ಎಲೆಗೆ ಬಗ್ಗಿತು? ಕಿರಿ ಅಳಿಯನ ಎಲೆಗೆ. ಹಿರಿ ಅಳಿಯ ಪಕ್ಕದಲ್ಲೇ ಕೂತಿದ್ದಾನೆ, ಅವನ ಹೋಳಿಗೆ ಒಣಗುತ್ತಿದೆ. ಚನ್ನಪ್ಪ ಎದ್ದ. ಕೈ ತೊಳೆದ. ಕಲ್ಯಾಣಕ್ಕೆ ವಾಪಸ್ ಬಂದ. ಅವತ್ತಿನಿಂದ ಹೆಂಡತಿಯೂ ಕೂಸೂ ತವರಲ್ಲೇ. ತಂದೆ ಬರದೆ ತೊಟ್ಟಿಲಿಲ್ಲ, ತೊಟ್ಟಿಲಿಲ್ಲದೆ ಹೆಸರಿಲ್ಲ. ಮೂರು ತಿಂಗಳಿಂದ ಆ ಕೂಸನ್ನು ಮನೆಮಂದಿಯೆಲ್ಲ "ಏ ಕೂಸ" ಅಂತಲೇ ಕರೆಯುತ್ತಿದ್ದಾರೆ.

ಶಿವಲಿಂಗಪ್ಪ ಕರೆಯಲು ಬಂದು ಬಂದು ಚಪ್ಪಲಿ ಸವೆಸಿದ. ಕೊನೆಗೆ ಅಳಿಯ ಎರಡು ಷರತ್ತು ಹಾಕಿ ಒಪ್ಪಿದ. ಒಂದು, ಮಾವ ಕೈಹಿಡಿದು ಹೊಸ್ತಿಲು ದಾಟಿಸಬೇಕು. ಇನ್ನೊಂದು, ದಾರಿಯಲ್ಲಿ ಎಲ್ಲಿಯಾದರೂ ಮಾನಕ್ಕೆ ಕುಂದು ಬಂದರೆ ಅಲ್ಲಿಂದಲೇ ವಾಪಸ್. (ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳುತ್ತೀರಾ? ನಮ್ಮ ಮನೆಗೂ ಚನ್ನಪ್ಪನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಮಣ್ಣಿನದು.) ತೊಟ್ಟಿಲಿನ ಮುಹೂರ್ತ ಅವತ್ತೇ ಮಧ್ಯಾಹ್ನ.

ಹೇಳಿ, ನಮ್ಮ ಮೋಟಾರಿನಲ್ಲಿ ಮಾನಕ್ಕೆ ಕುಂದು ಬಾರದೆ ಯಾರಾದರೂ ಹುಮನಾಬಾದ್ ಮುಟ್ಟಿದ್ದುಂಟೇ?

ಶಿವಲಿಂಗಪ್ಪ ಅಳಿಯನಿಗೆ ಕಿಟಕಿಯ ಸೀಟು ಕೊಡಿಸಿದ. ತಾನು ಅವನ ಮುಂದೆ ಎರಡೂ ಕೈ ಚಾಚಿ, ಬೆಳೆ ಕಾಯುವ ಬೆದರುಬೊಂಬೆಯ ಹಾಗೆ ನಿಂತ. ಯಾರ ಮೊಣಕೈಯೂ ಅಳಿಯನಿಗೆ ತಾಗಬಾರದು. ಎಲ್ಲರ ಮೊಣಕೈಯೂ ಮಾವನಿಗೇ ತಾಗಿದವು. ಕೋಳಿ ಕೂಡ ಬುಟ್ಟಿಯಿಂದ ಕತ್ತು ಹೊರಗೆ ಹಾಕಿ ಅವನ ಮಂಡಿಗೆ ಒಮ್ಮೆ ಕುಕ್ಕಿತು. ಶಿವಲಿಂಗಪ್ಪ ನಕ್ಕು, ಅಳಿಯನ ಕಡೆ ತಿರುಗಿ, "ಆರಾಮ ಕೂತೀರಿಲ್ರೀ?" ಅಂದ.

ಅಳಿಯ "ಹೂಂ" ಅಂದ. ಅಷ್ಟೂ ದಾರಿಗೆ ಅದೊಂದೇ ಅಕ್ಷರ ತಂದಿದ್ದ ಅಂತ ಕಾಣುತ್ತದೆ.

ಹುಮನಾಬಾದ್ ಇನ್ನೊಂದು ಹರದಾರಿ ಇದೆ ಅನ್ನುವಾಗ ಏರು ಬಂತು. ಎಂಜಿನ್ನು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ನಿಂತಿತು. ಡ್ರೈವರ್ ಖಾಜಾಮಿಯಾ ತಿರುಗಿಯೂ ನೋಡದೆ, ದಿನನಿತ್ಯದ ನಮಾಜಿನಷ್ಟು ಸಹಜವಾಗಿ ಹೇಳಿದ.

"ಚಲೋ, ಸಬ್ ಉತ್ರೋ. ಗಂಡಸ್ರೆಲ್ಲಾ ಇಳೀರಿ."

ಎಲ್ಲರೂ ಏಳತೊಡಗಿದರು. ಚನ್ನಪ್ಪ ಏಳಲಿಲ್ಲ. ಶಿವಲಿಂಗಪ್ಪ ಎರಡೂ ಕೈ ಇನ್ನಷ್ಟು ಅಗಲ ಚಾಚಿ, "ಇವ್ರು ಇಳಿಯಂಗಿಲ್ರೀ. ಇವ್ರು ನಮ್ಮ ಅಳಿಯಂದ್ರು" ಅಂದ.

ಅರ್ಧ ಎದ್ದಿದ್ದ ಮೌಲಾಸಾಬ ಮತ್ತೆ ಕೂತುಬಿಟ್ಟ.

"ನಂದೂ ಸಸುರಾಲ್ ಹುಮನಾಬಾದೇ ಅದರೀ. ಅಳಿಯ ನೂಕಬಾರ್ದು ಅಂದ್ರ ನಾನೂ ನೂಕಂಗಿಲ್ಲ."

"ನಾ ಬೇಮಳಖೇಡದ ಅಳಿಯ" ಅಂದ ಹಿಂದಿನ ಸೀಟಿನವನೊಬ್ಬ. "ಹುಮನಾಬಾದಿನಿಂದ ಮುಂದ ನಡಕೊಂಡ್ ಹೋಗಬೇಕು. ಈಗೇ ಕಾಲ ಸವಸಿದ್ರ ಅತ್ತಿ ಮನೀಗಿ ಏನ ತಗೊಂಡ್ ಹೋಗ್ಲಿ?"

ಅವನೂ ಕೂತ. ಅವನ ಪಕ್ಕದವನೂ ಕೂತ. ಕಲ್ಯಾಣದ ಗಂಡಸರೆಲ್ಲ ಹೆಣ್ಣು ತಂದದ್ದೇ ಹುಮನಾಬಾದಿನ ಕಡೆಯಿಂದ ಅನ್ನುವುದು ನನಗೆ ಅವತ್ತೇ ತಿಳಿದದ್ದು. ನೋಡುನೋಡುತ್ತ ಮೋಟಾರಿನ ತುಂಬ ಅಳಿಯಂದಿರಾದರು. ಒಬ್ಬೊಬ್ಬರೂ ರುಮಾಲು ಸರಿಮಾಡಿಕೊಂಡು, ಯಾರಾದರೂ ಬಂದು ಕಾಲಿಗೆ ನೀರು ಕೊಡಲಿ ಅನ್ನುವ ಮುಖ ಮಾಡಿ ಕೂತರು.

ಖಾಜಾಮಿಯಾ ಈಗ ತಿರುಗಿದ. "ನನ್ನ ಹೆಂಡ್ತಿ ತವರೂ ಅಲ್ಲೇ ಅದ. ಹಂಗಾದ್ರ ನಾನೂ ಅಳಿಯ. ಚಕ್ರ ಬಿಟ್ಟು ಹಿಂದ ಬಂದು ಕೂಡ್ಲೇನು?"

ಭಾಗವ್ವ ಆಯಿ ಕೋಳಿಯ ತಲೆ ಬುಟ್ಟಿಯೊಳಗೆ ತುರುಕುತ್ತ ಅಂದಳು. "ಹಾಳಾಗ್ಲಿ. ಈ ಮೋಟಾರ್ನ್ಯಾಗ ಒಬ್ಬ ಗಂಡಸೂ ಇಲ್ಲ. ಬರೇ ಅಳಿಯಂದ್ರೇ ತುಂಬ್ಯಾರ."

ಎಲ್ಲರೂ ನಕ್ಕರು. ಚನ್ನಪ್ಪ ನಗಲಿಲ್ಲ. ಅವನ ಕಿವಿ ಕೆಂಪಾದವು. ಕೈ ನಿಧಾನಕ್ಕೆ ಸೀಟಿನ ಕೆಳಗಿದ್ದ ತನ್ನ ಗಂಟಿನ ಕಡೆ ಹೋಯಿತು. ವಾಪಸ್ ಹೊರಡುವ ಲಕ್ಷಣ. ಶಿವಲಿಂಗಪ್ಪ ಅದನ್ನು ನೋಡಿದ. ರುಮಾಲು ತೆಗೆದು ಕೈಯಲ್ಲಿ ಹಿಡಿದ. ರುಮಾಲಿಲ್ಲದ ಶಿವಲಿಂಗಪ್ಪ ಎಷ್ಟು ಸಣ್ಣವನು ಅಂತ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಕೈ ಮುಗೀತೀನ್ರಪ್ಪಾ" ಅಂದ, ಮೌಲಾಸಾಬನ ಕಿವಿಯ ಹತ್ತಿರ ಬಗ್ಗಿ. "ಇವತ್ತ ಮಗಳ ಕೂಸಿನ ತೊಟ್ಟಲ ಅದ. ಮೂರು ತಿಂಗಳಿಂದ ಓಣ್ಯಾಗ ಹೆಣ್ಣಮಕ್ಕಳು ಕೇಳಾಕತ್ತಾರ, ಗಂಡ ಬಿಟ್ಟಾನೇನ ಅಂತ. ಅಕಿ ನೀರಿಗಿ ಹೋಗೋದೂ ಬಿಟ್ಟಾಳ. ಇವ್ರು ಇಲ್ಲಿಂದ ಹೊಳ್ಳಿ ಹೋದ್ರ, ನಾ ಮನೀಗಿ ಹೋಗಿ ಅಕಿ ಮುಖ ಹ್ಯಾಂಗ ನೋಡ್ಲಿ?"

ಗುಟ್ಟಾಗಿ ಹೇಳಿದ್ದು. ಆದರೆ ನಮ್ಮ ಮೋಟಾರಿನಲ್ಲಿ ಗುಟ್ಟಿಗೆ ಸೀಟೆಲ್ಲಿದೆ? ಎಲ್ಲರಿಗೂ ಕೇಳಿಸಿತು. ಅಳಿಯನಿಗೂ ಕೇಳಿಸಿತು. ಅವನು ಕಿಟಕಿಯಾಚೆ ಯಾರದೋ ತೊಗರಿ ಹೊಲವನ್ನು, ಅದನ್ನು ತಾನೇ ಬಿತ್ತಿದಂತೆ ನೋಡುತ್ತ ಕೂತ.

ಮೌಲಾಸಾಬ ಎದ್ದ. ಅಂಗಿಯ ತೋಳು ಮಡಚಿದ.

"ನನಗ ಮೂರೂ ಹೆಣ್ಣವ" ಅಂದ. "ಏಳ್ರಿ. ಮನ್ಯಾಗ ಹೆಣ್ಣ ಮಕ್ಕಳಿದ್ದವ್ರು ನೂಕ್ರಿ. ಇಲ್ಲದವ್ರು ಆರಾಮ ಕೂಡ್ರಿ."

ಇದಾದ ಮೇಲೆ ಯಾರು ಕೂಡುತ್ತಾರೆ? ಒಬ್ಬೊಬ್ಬರೇ ಇಳಿದರು. ಹೆಣ್ಣುಮಕ್ಕಳಿಲ್ಲದವರೂ ಅಕ್ಕತಂಗಿಯರ ನೆನಪಾಗಿ ಇಳಿದರು. ನನಗೆ ಹೆಣ್ಣುಮಕ್ಕಳಿಲ್ಲ (ಮದುವೆಯೂ ಇಲ್ಲ, ಮೀಸೆಯೂ ಮೊನ್ನೆ ಮೊನ್ನೆಯದು). ಆದರೂ ಭರಣಿಯನ್ನು ಆಯಿಯ ಕೋಳಿಯ ವಶಕ್ಕೆ ಕೊಟ್ಟು ಇಳಿದೆ. ಕೈ ಊದಿತ್ತಲ್ಲ, ಅದಕ್ಕೆ ಬೆನ್ನು ಹಚ್ಚಿ ನೂಕಿದೆ. ಬೆನ್ನು ಹಚ್ಚಿ ನಿಂತವನು ನೂಕುತ್ತಿದ್ದಾನೋ ಒರಗಿದ್ದಾನೋ ಯಾವ ಪಂಡಿತನಿಗೂ ತಿಳಿಯುವುದಿಲ್ಲ. ಬೇಕಾದರೆ ಬರೆದಿಟ್ಟುಕೊಳ್ಳಿ.

ಒಳಗೆ ಹೆಂಗಸರು, ಕೋಳಿ, ಮತ್ತು ಅಳಿಯ. ಹೊರಗೆ ಉಳಿದ ಕಲ್ಯಾಣ. ಡ್ರಮ್ಮಿನ ಮಸಿ ಮುಖಕ್ಕೆಲ್ಲ ಬಡಿದು, ಯಾರು ಯಾರು ಅಂತ ಗುರುತೇ ಸಿಗದಾಯಿತು. ಚನ್ನಪ್ಪನ ತೂಕ ಎಷ್ಟು ಅಂತ ನನಗೆ ಗೊತ್ತಿಲ್ಲ. ಆದರೆ ಎಡಗಡೆಯ ಹಿಂದಿನ ಗಾಲಿಗೆ ಗೊತ್ತಿತ್ತು, ಅದು ಅಳುತ್ತಿತ್ತು. ಶಿವಲಿಂಗಪ್ಪ ಎಲ್ಲರಿಗಿಂತ ಜೋರಾಗಿ ನೂಕಿದ. ಅಳಿಯ ಕೂತ ಕಿಟಕಿಯ ಕೆಳಗೇ ಭುಜ ಕೊಟ್ಟು ನೂಕಿದ.

ಏರು ಮುಗಿಯಿತು. ಎಂಜಿನ್ನು ಒಮ್ಮೆ ಸೀನಿ, ಗುರ್ ಅಂತ ಹಿಡಿಯಿತು. ಮೋಟಾರು ಓಡಿತು. ಮೇಲೆ ಹೋಗಿ ನಿಲ್ಲುತ್ತದೆ ಅಂತ ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ನಿಂತರು.

ನಿಲ್ಲಲಿಲ್ಲ.

ಒರಗಿ ನಿಂತವನಿಗೆ ಒಂದು ಲಾಭವಿದೆ. ಒರಗಿದ್ದು ಮುಂದೆ ಹೋದರೆ ಅವನಿಗೇ ಮೊದಲು ಗೊತ್ತಾಗುತ್ತದೆ. ನಾನು ಹಿಂದಿನ ಏಣಿಗೆ ಜೋತುಬಿದ್ದೆ. ತಿರುಗಿ ನೋಡಿದರೆ ದಾರಿಯ ಮೇಲೆ ಕರಿ ಮುಖಗಳ ಒಂದು ಸಂತೆ. ಎಲ್ಲರಿಗಿಂತ ಮುಂದೆ, ಬಿಚ್ಚಿದ ರುಮಾಲು ಹಿಡಿದು ಓಡಿಬರುತ್ತಿರುವ ಶಿವಲಿಂಗಪ್ಪ. ಸ್ವಲ್ಪ ಹೊತ್ತಿಗೆ ರುಮಾಲು ಮಾತ್ರ ಕಂಡಿತು. ಆಮೇಲೆ ಧೂಳು.

ನಾನು ಏಣಿಯಿಂದ ಬಾಗಿಲಿಗೆ ಜಾರಿ ಒಳಗೆ ಬಂದೆ. ಚನ್ನಪ್ಪ ಎದ್ದು ನಿಂತಿದ್ದ.

"ಏ ಡ್ರೈವರ್, ನಿಲ್ಸು. ಮಾವಾರು ಹಿಂದ ಉಳದ್ರು."

"ನಿಲ್ಲಸ್ತೀನ್ರಿ" ಅಂದ ಖಾಜಾಮಿಯಾ. "ನಿಲ್ಸಿದ್ರ ಎಂಜಿನ್ ಬಂದ್ ಬೀಳ್ತದ. ಮತ್ತ ನೂಕಬೇಕು. ಒಳಗ ಗಂಡಸ್ರಂದ್ರ ನೀವೊಬ್ರೇ ಇದ್ದೀರಿ. ನಿಲ್ಲಸ್ಲೇನು?"

(ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಖಾಜಾಮಿಯಾನಿಗೆ ಓದು ಬಾರದು. ಯಾರಾದರೂ ಪುಣ್ಯಾತ್ಮರು ಈ ಸಾಲನ್ನು ಅವನಿಗೆ ಓದಿ ಹೇಳಿ.)

ಚನ್ನಪ್ಪ ಹಿಂದಿನ ಡ್ರಮ್ಮನ್ನು ನೋಡಿದ. ತನ್ನ ರೇಷ್ಮೆ ಕೋಟನ್ನು ನೋಡಿದ. ಮತ್ತೆ ಡ್ರಮ್ಮನ್ನು ನೋಡಿದ. ಕೂತ.

ಭಾಗವ್ವ ಆಯಿ ಎಲೆಯಡಿಕೆ ಕುಟ್ಟುತ್ತ ಕೇಳಿದಳು. "ಕೂಸ ಗಂಡೇನಪ್ಪಾ, ಹೆಣ್ಣೇನು?"

"ಹೆಣ್ಣು."

"ಹಂಗಾದ್ರ ನೀನೂ ಇಳಿಯೋದಿತ್ತಲ್ಲ."

ಅಷ್ಟೇ ಅಂದು ಕುಟ್ಟುವುದನ್ನು ಮುಂದುವರಿಸಿದಳು. ಹುಮನಾಬಾದ್ ಬರುವವರೆಗೂ ಕುಟ್ಟುತ್ತಲೇ ಇದ್ದಳು.

ಮೋಟಾರ್ ಸ್ಟ್ಯಾಂಡಿನಲ್ಲಿ ಆರತಿ ತಟ್ಟೆ, ಹಲಗೆ ಬಾರಿಸುವವರು, ನೆಂಟರ ದಂಡು. ಮೋಟಾರು ನಿಂತಿತು. ಹಲಗೆ ಶುರುವಾಯಿತು. ಇಳಿದವರು ಹೆಂಗಸರು, ಅವರ ಹಿಂದೆ ಕೋಳಿ, ಅದರ ಹಿಂದೆ ಭರಣಿ ಹಿಡಿದ ನಾನು. ಆರತಿ ಹಿಡಿದವಳು ಗಾಬರಿಯಲ್ಲಿ ನನಗೇ ಬೆಳಗಿಬಿಟ್ಟಳು. (ನಾನು ಬೇಡವೆನ್ನಲಿಲ್ಲ.)

ಚನ್ನಪ್ಪ ಕೂತೇ ಇದ್ದ. ನೀಲಮ್ಮನ ತಮ್ಮ ಮಲ್ಲಪ್ಪ ಕಿಟಕಿಗೆ ಬಂದ. "ಇಳೀರಿ ಭಾವಾರ. ಅಪ್ಪ ಎಲ್ಲದಾನ್ರಿ?"

"ನಡಕೋತ ಬರಾಕತ್ತಾರ. ಅವ್ರು ಕೈ ಹಿಡೀದ ನಾ ಇಳಿಯಂಗಿಲ್ಲ. ಈ ಮೋಟಾರ್ ಹೊಳ್ಳಿ ಕಲ್ಯಾಣಕ್ಕ ಹೋಗ್ತದಲ್ಲ, ಅಲ್ಲೀತನಕ ಬರ್ಲಿಲ್ಲಂದ್ರ ಇದ್ರಾಗೇ ಹೊಂಟೆ."

ಮುಹೂರ್ತ ಹತ್ತಿರ ಬಂತು. ಮಾವ ಬರಲಿಲ್ಲ. ಖಾಜಾಮಿಯಾ ಡ್ರಮ್ಮಿಗೆ ಹೊಸ ಇದ್ದಿಲು ಸುರಿಯತೊಡಗಿದ. ಯಾರೋ ಓಡಿಹೋಗಿ ಮನೆಯಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ನೀಲಮ್ಮನೇ ಬಂದಳು. ಸೆರಗು ತಲೆಯ ಮೇಲೆ, ಕೂಸು ಹೆಗಲ ಮೇಲೆ. ನಾಲ್ಕು ಜನರ ಮುಂದೆ ಗಂಡನ ಜೊತೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಕಿಟಕಿಯ ಕೆಳಗೆ ನಿಂತು ಕೂಸಿಗೆ ಹೇಳಿದಳು.

"ಕೂಸ, ನಿಮ್ಮಪ್ಪಗ ಕೇಳು, ಮನೀಗಿ ಬರ್ತಾರೇನಂತ."

ಚನ್ನಪ್ಪನೂ ಕೂಸಿಗೇ ಹೇಳಿದ. "ಕೂಸ, ನಿಮ್ಮವ್ವಗ ಹೇಳು, ನಿಮ್ಮಜ್ಜ ಕೈ ಹಿಡದ್ರ ಬರ್ತೀನಂತ ಮಾತಾಗ್ಯಾದ."

"ನಿಮ್ಮಪ್ಪಗ ಕೇಳು, ಅಜ್ಜನ್ನ ದಾರ್ಯಾಗ ಬಿಟ್ಟು ಬಂದೋರು ಯಾರಂತ."

ಕೂಸು ಎರಡೂ ಕಡೆಯ ವಕೀಲಿಕೆ ಕೈಬಿಟ್ಟು ತನ್ನ ಹೆಬ್ಬೆರಳು ಚೀಪುತ್ತಿತ್ತು. ಚನ್ನಪ್ಪ ಕೋಟಿನ ಗುಂಡಿ ಸರಿಮಾಡಿಕೊಂಡ. ನೀಲಮ್ಮ ತಮ್ಮನ ಕಡೆ ತಿರುಗಿದಳು.

"ಮಲ್ಲಪ್ಪಾ, ಹೋಗು. ತೊಟ್ಟಲ ಇಲ್ಲಿಗೇ ತಗೊಂಡ್ ಬಾ."

"ಎಲ್ಲಿಗೆ ಅಕ್ಕಾ?"

"ಮೋಟಾರಿಗೆ. ಇವ್ರು ಹೊಸ್ತಿಲ ದಾಟಂಗಿಲ್ಲ, ನನ್ನ ಕೂಸಿಗಿ ಹೆಸರಿಲ್ಲದ ಇನ್ನೊಂದು ದಿನ ಕಳಿಯಂಗಿಲ್ಲ."

ನಾನು ಇದರಲ್ಲಿ ಒಂದು ಅಕ್ಷರವನ್ನೂ ಸೇರಿಸಿಲ್ಲ. ಬೇರೆ ಕಡೆ ಸೇರಿಸಿರಬಹುದು, ಇಲ್ಲಿ ಇಲ್ಲ. ತೊಟ್ಟಿಲು ಬಂತು. ಹಿಂದಿನ ಬಾಗಿಲಿನಿಂದ ಒಳಗೆ ನುಗ್ಗಿಸಿದರು. ಮಾವಿನೆಲೆ ಬಂತು, ಗುಗ್ಗರಿ ಬಂತು, ಹಾಡುವ ಹೆಂಗಸರು ಸೀಟುಗಳ ಮೇಲೆ ಕೂತರು. ಹೆಸರು ಕರೆಯಬೇಕಾದ ಸೋದರತ್ತೆ ಯಾರು? ಗಂಡನ ಕಡೆಯವರು ಒಬ್ಬರೂ ಬಂದಿಲ್ಲ. ಭಾಗವ್ವ ಆಯಿ ಕೋಳಿಬುಟ್ಟಿ ಕೆಳಗಿಟ್ಟು, "ಕಲ್ಯಾಣದಿಂದ ಹತ್ತಿ ಬಂದೋಳು ನಾನೇ ಅಲ್ಲೇನು? ನಾನೇ ಸೋದರತ್ತಿ" ಅಂತ ಮುಂದೆ ಬಂದಳು.

ಮಲ್ಲಪ್ಪ ಛಾವಣಿಯ ಕಬ್ಬಿಣದ ಪಟ್ಟಿಗೆ ತೊಟ್ಟಿಲಿನ ಹಗ್ಗ ಕಟ್ಟತೊಡಗಿದ. ಚನ್ನಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ. ಆದರೆ ಒಂದು ಕಣ್ಣು ಹಗ್ಗದ ಮೇಲಿತ್ತು. ಮಲ್ಲಪ್ಪ ಒಂದು ಗಂಟು ಹಾಕಿ ಕೈ ಬಿಟ್ಟ. ತೊಟ್ಟಿಲು ಒಂದು ಕಡೆ ವಾಲಿತು. ನೀಲಮ್ಮ ಕೂಸನ್ನು ಅದರಲ್ಲಿ ಇಡಲು ಬಗ್ಗಿದಳು.

"ತಡಿ" ಅಂದ ಚನ್ನಪ್ಪ.

ಈ ಸಲ ಕೂಸಿಗೆ ಹೇಳಲಿಲ್ಲ. ನೇರ ಹೆಂಡತಿಗೇ ಹೇಳಿದ. ಎದ್ದ. ಸೀಟು ಹಗುರಾದದ್ದು ನಮಗೆಲ್ಲ ಗೊತ್ತಾಯಿತು. ಕೋಟು ತೆಗೆದು ಸೀಟಿನ ಮೇಲೆ ಎಸೆದ.

"ಇದೇನ್ ಗಂಟೋ ಮಲ್ಲಪ್ಪಾ. ಎಮ್ಮಿ ಕಟ್ಟಾಕತ್ತೀಯೇನು?"

ಎರಡೂ ಕಡೆಯ ಹಗ್ಗ ಬಿಚ್ಚಿ ತಾನೇ ಕಟ್ಟಿದ. ಗಂಟನ್ನು ಎಳೆದು ನೋಡಿದ. ತೊಟ್ಟಿಲಿನೊಳಗೆ ತನ್ನ ಎರಡೂ ಮೊಣಕೈ ಊರಿ, ಭಾರ ಬಿಟ್ಟು ನೋಡಿದ. (ಆ ಭಾರ ತಡೆದ ಹಗ್ಗ ಆನೆಯನ್ನೂ ತಡೆಯುತ್ತದೆ.) ಆಮೇಲೆ ಹೆಂಡತಿಯ ಕೈಯಿಂದ ಕೂಸನ್ನು ಇಸಿದುಕೊಂಡು, ತಾನೇ ಮಲಗಿಸಿದ. ಭಾಗವ್ವ ಆಯಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಅವಳ ಪಿಸುಮಾತು ಸ್ಟ್ಯಾಂಡಿನ ಆಚೆಯ ಚಹಾದ ಅಂಗಡಿಗೂ ಕೇಳಿಸಿತು. ಶಾಂತಮ್ಮ.

ಶಾಂತಮ್ಮ ಕಿಟಾರನೆ ಕಿರುಚಿದಳು. ಯಾಕೆಂದರೆ ಅದೇ ಹೊತ್ತಿಗೆ ಕಿಟಕಿಯಲ್ಲಿ ಒಂದು ಕರಿ ಮುಖ ಕಾಣಿಸಿಕೊಂಡಿತು. ಎರಡು ಬಿಳಿ ಕಣ್ಣು, ಏದುಸಿರು. ಶಿವಲಿಂಗಪ್ಪ. ಅವನ ಹಿಂದೆ ಮೌಲಾಸಾಬ, ಬೇಮಳಖೇಡದ ಅಳಿಯ, ನೂಕಿದ ಇಡೀ ದಂಡು, ಎಲ್ಲರೂ ಒಂದೇ ಬಣ್ಣ.

ಶಿವಲಿಂಗಪ್ಪ ಬಾಗಿಲಿಗೆ ಬಂದ. ತೊಟ್ಟಿಲು ನೋಡಿದ, ಮಗಳನ್ನು ನೋಡಿದ, ಏನಾಗಿದೆ ಅಂತ ಅವನಿಗೆ ಅರ್ಥವಾಗಲಿಲ್ಲ. ಆದರೆ ಷರತ್ತು ನೆನಪಿತ್ತು. ಧೋತರದ ಅಂಚಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದ.

"ತಪ್ಪಾಯ್ತ್ರೀ. ತಡಾ ಆಯ್ತು. ಬರ್ರಿ, ಮನೀಗಿ ಹೋಗೂಣು."

ಚನ್ನಪ್ಪ ಆ ಕೈ ಹಿಡಿಯಲಿಲ್ಲ. ಹಿಡಿಯಲು ಅವನ ಕೈ ಖಾಲಿ ಇರಲಿಲ್ಲ. ಅಳುವ ಶಾಂತಮ್ಮನನ್ನು ತೊಟ್ಟಿಲಿನಿಂದ ಎತ್ತಿಕೊಂಡಿದ್ದ, ಎರಡೂ ಕೈ ಅವಳ ಕೆಳಗಿದ್ದವು. ಮಾವನ ಮಸಿ ಹಿಡಿದ ಮುಖ ನೋಡಿದ.

"ಮಾವಾರ, ನೀವು ಮೊದ್ಲ ಮುಖ ತೊಳ್ಕೋರಿ" ಅಂದ. "ಕೂಸ ಅಂಜಾಕತ್ತದ."

ಅಷ್ಟು ಹೇಳಿ ಮೆಟ್ಟಿಲಿಳಿದು, ಮನೆಯ ಕಡೆ ನಡೆದೇಬಿಟ್ಟ. ಯಾರೂ ಕರೆಯಲಿಲ್ಲ, ಯಾರೂ ಕೈಹಿಡಿಯಲಿಲ್ಲ. ಹಲಗೆಯವರು ಓಡಿ ಅವನ ಮುಂದೆ ಹೋಗಬೇಕಾಯಿತು. ನೂಕಿದವರಿಗೆಲ್ಲ ಅವತ್ತು ಶಿವಲಿಂಗಪ್ಪನ ಮನೆಯಲ್ಲೇ ಊಟ. ನಾನೂ ಉಂಡೆ. ಒರಗಿದ ಬೆನ್ನಿಗೂ ಹಸಿವಾಗುತ್ತದೆ.

ಉಣ್ಣುವಾಗ ಲೆಕ್ಕ ಹಾಕಿದೆ. ಇವತ್ತಿನ ಶಾಂತಮ್ಮ ಬೆಳೆದು, ಅವಳಿಗೊಬ್ಬ ಗಂಡ ಬಂದು, ಅವನು ಮುನಿಸಿಕೊಂಡು, ಅವನನ್ನು ಕರೆತರಲು ಚನ್ನಪ್ಪ ಮೋಟಾರು ಹತ್ತಬೇಕಾದರೆ ಇನ್ನೂ ಎಷ್ಟೋ ವರ್ಷ ಬೇಕು. ಅಷ್ಟರಲ್ಲಿ ಲಡಾಯಿ ಮುಗಿದು, ಪೆಟ್ರೋಲು ವಾಪಸ್ ಬಂದಿರುತ್ತದೆ. ಈ ಮನುಷ್ಯ ಜೀವಮಾನದಲ್ಲಿ ಒಮ್ಮೆಯೂ ಮೋಟಾರು ನೂಕುವುದಿಲ್ಲ. ನಸೀಬು ಅಂದರೆ ಇದಲ್ಲದೆ ಇನ್ನೇನು?